ರಸ್ತೆಗೆ ಮುಖ ಮಾಡಿದ ಹಲಗೆ

ಈ ಕೆಮ್ಮು ಯಾವಾಗ ಶುರುವಾಯಿತು ಎಂದು ಡಾಕ್ಟರರು ಕೇಳಿದಾಗಲೆಲ್ಲ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ತೊಗರಿ ಸುಗ್ಗಿಯಲ್ಲಿ ಎಂದಿದ್ದೇನೆ. ಮಳೆ ನಿಂತ ಮೇಲೆ ಎಂದಿದ್ದೇನೆ. ಹೊಸ ಮನೆಗೆ ಬಂದ ವರ್ಷವೇ ಎಂದು ಹೆಂಡತಿ ವಿಮಲಾ ಹಿಂದಿನಿಂದ ಹೇಳಿದಾಗ, ಅದೂ ಇರಬಹುದು ಎಂದಿದ್ದೇನೆ. ಮೂರೂ ಸುಳ್ಳಲ್ಲ, ಆದರೆ ಮೂರೂ ನಿಜವಾಗಿರಲಾರವು. ನೆನಪು ನಮ್ಮ ಕಾಳಿನ ಪೇಟೆ ಗಂಜಿನ ದಲಾಲಿಯ ಹಾಗೆ, ಎದುರಿಗಿದ್ದವನ ಮುಖ ನೋಡಿ ಮಾತು ಬದಲಿಸುತ್ತದೆ. ಆದ್ದರಿಂದ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ. ದಮ್ಮು ಹತ್ತಿ, ದವಾಖಾನೆಯ ಬೆಂಚಿನ ಮೇಲೆ ಕುಳಿತು, ನನಗೊಬ್ಬನಿಗೇ ಯಾಕೆ ಎಂದುಕೊಳ್ಳುವವರು ಇದನ್ನು ಓದಲಿ. ನಿಮಗೊಬ್ಬರಿಗೇ ಅಲ್ಲ. ಖಚಿತವಾಗಿ ನನಗೆ ಗೊತ್ತಿರುವುದು ಅದೊಂದೇ.

ಬೀದರಿನ ಗಾಂಧಿ ಗಂಜಿನಲ್ಲಿ, ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಮಾಲು ನೋಡುವುದು ನನ್ನ ಕೆಲಸ. ರೈತರ ತೊಗರಿ, ಉದ್ದು, ಹೆಸರು ಅಂಗಡಿಯ ಮುಂದೆ ಬಂದಿಳಿಯುತ್ತದೆ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಅಂಗೈಗೆ ತೆಗೆದುಕೊಳ್ಳುತ್ತೇನೆ. ಅಂಗೈಯನ್ನು ಗದ್ದದ ಹತ್ತಿರ ತಂದು ಓರೆಯಾಗಿ, ಮೆಲ್ಲಗೆ ಊದುತ್ತೇನೆ. ಫುಸ್. ಫುಸ್. ಧೂಳು, ಹೊಟ್ಟು, ಜೊಳ್ಳು ಹಾರುತ್ತದೆ. ಗಟ್ಟಿ ಕಾಳು ಉಳಿಯುತ್ತದೆ. ಉಳಿದದ್ದು ನೋಡಿ ಮಾಲು ಯಾವ ದರ್ಜೆಯದು ಎಂದು ಹೇಳುತ್ತೇನೆ. ಜೋರಾಗಿ ಊದಿದರೆ ಕಾಳೇ ಹಾರಿ ರೈತನ ಮುಖಕ್ಕೆ ಬಡಿಯುತ್ತದೆ, ಅದು ಅಪಮಾನ. ಉಸಿರನ್ನು ತಡೆದು ತಡೆದು ಬಿಡಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಹಾಗೆ ಊದಿ ಅನ್ನ ತಿಂದಿದ್ದೇನೆ. ಹಾರಿದ ಧೂಳು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡಿರಲಿಲ್ಲ.

ಒಂದು ದಿನ ಊದಲು ಹೋದೆ, ಉಸಿರು ಬರಲಿಲ್ಲ. ಒಳಗೆ ಯಾರೋ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹಾಗೆ. ಕೈಯೊಳಗಿನ ಕಾಳು ಚೆಲ್ಲಿತು. ಎದುರಿಗಿದ್ದ ಹಮಾಲ ನಕ್ಕು, "ಏನ್ರೀ ವೈಜಿನಾಥಣ್ಣ, ಇವತ್ತ ಮಾಲಿಗಿ ಅಲ್ಲ, ನಿಮಗೇ ಜೊಳ್ಳ ಹತ್ಯಾದ" ಎಂದ. ನಾನೂ ನಕ್ಕೆ. ನಗುತ್ತಲೇ ಕೆಮ್ಮು ಬಂತು, ಅದು ನಿಲ್ಲಲಿಲ್ಲ. ಇದೇ ಶುರು ಎಂದು ಹಲವರಿಗೆ ಹೇಳಿದ್ದೇನೆ. ಆದರೆ ಅದಕ್ಕೂ ಮೊದಲೇ ವಿಮಲಾ ನನ್ನ ದಿಂಬಿನ ಕೆಳಗೆ ಇನ್ನೊಂದು ದಿಂಬು ಇಡಲು ತೊಡಗಿದ್ದಳಂತೆ. ನನಗೆ ಅದು ನೆನಪಿಲ್ಲ.

ಮೊದಲು ಬಂದ ಹೆಸರು ಕ್ಷಯ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ನನ್ನ ತಾಟು, ನನ್ನ ಲೋಟ ತಾವಾಗಿಯೇ ಅಡುಗೆಮನೆಯಿಂದ ಹೊರಬಂದು ಕಿಟಕಿಯ ಮೇಲೆ ಕುಳಿತವು. ಅವನ್ನು ಅಲ್ಲಿಟ್ಟವರು ಯಾರೆಂದು ಕೇಳಿದರೆ ವಿಮಲಾ ಸೊಸೆಯ ಕಡೆ ನೋಡುತ್ತಾಳೆ, ಸೊಸೆ ವಿಮಲಾಳ ಕಡೆ. ಕಫ ಪರೀಕ್ಷೆ ಆಯಿತು, ಏನೂ ಇಲ್ಲ ಎಂದು ಬಂತು. ತಾಟು ಒಳಗೆ ಹೋಯಿತು. ಲೋಟ ಇನ್ನೂ ಕೆಲವು ದಿನ ಹೊರಗೇ ಇತ್ತು. ಭಯ ತಾಟಿಗಿಂತ ನಿಧಾನವಾಗಿ ಒಳಗೆ ಹೋಗುತ್ತದೆ.

ಆಮೇಲೆ ಬೀದರಿನ ಒಂದು ದವಾಖಾನೆಯಲ್ಲಿ ಊದುವ ಪರೀಕ್ಷೆ. ಉದ್ದನೆಯ ಕೊಳವೆಗೆ ಬಾಯಿ ಹಚ್ಚಿ ಊದಿದರೆ ಯಂತ್ರ ಪುಪ್ಪುಸದ ಬಲ ಅಳೆಯುತ್ತದೆ. ಪರೀಕ್ಷೆ ಮಾಡುವ ಹುಡುಗ ಊದಿರಿ ಎಂದ. ನಾನು ಊದಿದೆ. ಮತ್ತೆ ಊದಿರಿ ಎಂದ, ಮತ್ತೆ ಊದಿದೆ. ಅವನು ಏನೋ ಬರೆದು ಕೊಟ್ಟ. ಆ ಕಾಗದ ನೋಡಿದ ಡಾಕ್ಟರರು, "ನೀವು ಸರಿಯಾಗಿ ಪ್ರಯತ್ನ ಮಾಡಿಲ್ಲ. ಟೆನ್ಷನ್ ಇದ್ದಂಗ ಕಾಣ್ತದ" ಎಂದರು. ಟೆನ್ಷನ್ ಗುಳಿಗೆ ಕೊಟ್ಟರು. ಇಡೀ ಮಳೆಗಾಲ ನಾನು ಆ ಗುಳಿಗೆ ನುಂಗಿ, ಮಂಪರಿನಲ್ಲಿ ಕೆಮ್ಮಿದೆ.

ನಮ್ಮ ಓಣಿಯಲ್ಲಿ ಪ್ರೇಮಲತಾ ಸಿಸ್ಟರ್ ಇದ್ದಾರೆ. ಮಿಷನ್ ಕಾಲದ ಮೆಥಡಿಸ್ಟ್ ಮನೆತನ, ನರ್ಸ್ ಕೆಲಸದಿಂದ ನಿವೃತ್ತರು. ಅಂಗಳದಲ್ಲಿ ಗುಲಾಬಿ, ಗೋಡೆಯ ಮೇಲೆ ವಾಕ್ಯದ ಕ್ಯಾಲೆಂಡರ್. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಅವರಿಗೆ ಗೊತ್ತಾಗುತ್ತದೆ. ಒಂದು ಮುಂಜಾನೆ ಕಂಪೌಂಡಿನ ಆಚೆಯಿಂದಲೇ ಮಾತಾಡಿದರು.

"ವೈಜಿನಾಥರಾವ್, ನಿಮ್ದು ಟೆನ್ಷನ್ ಕೆಮ್ಮಲ್ರಿ. ಟೆನ್ಷನ್ ಕೆಮ್ಮು ಮಂದಿ ನೋಡಿದಾಗ ಬರ್ತದ. ನೀವು ಯಾರೂ ನೋಡ್ದಾಗ ಕೆಮ್ತೀರಿ."

"ಯಾರೂ ನೋಡ್ದಾಗ ಕೆಮ್ಮಿದ್ದು ನಿಮಗ ಹ್ಯಾಂಗ ಗೊತ್ತ್ರಿ ಸಿಸ್ಟರ್?"

"ನನ್ನ ಕಿವಿ ರಿಟೈರ್ ಆಗಿಲ್ರಿ. ಭಾಲ್ಕಿಯಾಗ ಎದಿ ಡಾಕ್ಟರ್ ಒಬ್ರು ಕೂಡ್ತಾರ. ನಾಳಿ ಹೋಗ್ರಿ. ವಿಮಲಾನ್ನ ಕರಕೊಂಡು ಹೋಗ್ರಿ. ಒಬ್ರೇ ಹೋದ್ರ ನೀವು ಖರೆ ಹೇಳಲ್ಲ."

ಭಾಲ್ಕಿಯ ಆ ದವಾಖಾನೆಯ ಬೆಂಚುಗಳು ಇನ್ನೂ ಕಣ್ಣ ಮುಂದಿವೆ. ಹಸಿರು ಬಣ್ಣದವು. ವಿಮಲಾ ನೀಲಿ ಎನ್ನುತ್ತಾಳೆ. ಹಸಿರೋ ನೀಲಿಯೋ, ಜನ ಮಾತ್ರ ಒಬ್ಬರನ್ನೊಬ್ಬರು ಎದೆಯಿಂದ ಗುರುತಿಸುತ್ತಿದ್ದರು. ಒಬ್ಬ ಮುದುಕ ಉಸಿರು ಎಳೆದರೆ ಸೀಟಿ ಊದಿದಂತೆ. ಸಾಯಗಾಂವದಿಂದ ಬಂದ ಹೆಣ್ಣುಮಗಳೊಬ್ಬಳು ಅವನಿಗೆ ಹಿಂದಿನಿಂದ ಸೆರಗಿನಲ್ಲಿ ಗಾಳಿ ಹಾಕುತ್ತಿದ್ದಳು. ಅವನ ಮಗಳು ಇರಬೇಕು ಎಂದುಕೊಂಡೆ. ಅಲ್ಲ, ಅವಳೂ ರೋಗಿಯೇ. ಅವರಿಬ್ಬರಿಗೂ ಆ ದಿನವೇ ಪರಿಚಯ. ಬೆಂಚಿನ ಮೇಲೆ ಸಿಕ್ಕ ಗೆಳೆತನಕ್ಕೆ ಹೆಸರು ಕೇಳುವ ಪದ್ಧತಿ ಇಲ್ಲ.

ಅಲ್ಲಿ ಊದುವ ಪರೀಕ್ಷೆ ಮಾಡುವವಳು ಔರಾದ ಕಡೆಯ ಹುಡುಗಿ. ನಾನು ಊದಿದೆ. ಅವಳು ಯಂತ್ರ ನೋಡಲಿಲ್ಲ, ನನ್ನ ಗಲ್ಲ ನೋಡಿದಳು.

"ಕಾಕಾ, ಏನ್ ಕೆಲಸ ಮಾಡ್ತೀರಿ?"

"ಗಂಜಿನಾಗ ಮಾಲು ನೋಡ್ತೇನಿ."

"ಅದಕ್ಕೇ ಮತ್ತ. ನಮ್ಮ ಅಪ್ಪನೂ ಹೆಸರಕಾಳು ಹಿಂಗೇ ಊದ್ತಾನ. ಇಲ್ಲಿ ಮಾಲಿಗಿ ಊದಿದಂಗ ಊದಬಾರದ್ರಿ. ಎದಿಯೊಳಗಿಂದು ಎಲ್ಲಾ ಒಮ್ಮೆಲೆ ಹೊರಗ ಹಾಕ್ಬೇಕು. ಒದ್ದಿ ಕಟಗಿ ಒಲಿ ಊದ್ತಾರಲ್ಲ, ಹಂಗ."

ನಾನು ಜನ್ಮದಲ್ಲಿ ಒಲೆ ಊದಿದವನಲ್ಲ. ಎರಡು ಸಲ ಪ್ರಯತ್ನಿಸಿದೆ, ಎರಡೂ ಸಲ ಫುಸ್ ಎಂದಿತು. ಬೆಂಚಿನಿಂದ ವಿಮಲಾ ಎದ್ದು ಬಂದಳು.

"ಸರೀರಿ ಅತ್ಲಾಗ. ಇಷ್ಟು ವರ್ಷ ರೊಟ್ಟಿ ತಿಂದೀರಿ, ಒಲಿ ಹ್ಯಾಂಗ ಹತ್ತತದ ಗೊತ್ತಿಲ್ಲ. ಹಿಂಗ ನೋಡ್ರಿ." ಬಾಯಿಯ ಮುಂದೆ ಮುಷ್ಟಿ ಹಿಡಿದು ಊದಿ ತೋರಿಸಿದಳು. ಬೆಂಚಿನ ಮೇಲಿನ ಸೀಟಿಯ ಮುದುಕ ನಕ್ಕ. ಆ ಹುಡುಗಿಯೂ ನಕ್ಕು, ಕೊಳವೆಗೆ ಹೊಸ ಬಾಯಿ ಹಚ್ಚಿ, "ಕಾಕೂ, ನೀವೇ ಒಮ್ಮಿ ಇದ್ರಾಗ ಊದಿ ತೋರಸ್ರಿ, ಕಾಕಾ ಕಲೀಲಿ" ಎಂದಳು.

ವಿಮಲಾ ಸೆರಗು ಸಿಕ್ಕಿಸಿ ಊದಿದಳು. ಚೆನ್ನಾಗಿಯೇ ಊದಿದಳು. ಹುಡುಗಿಯ ನಗು ಯಂತ್ರ ನೋಡುತ್ತ ನೋಡುತ್ತ ಇಳಿಯಿತು. "ಇನ್ನೊಮ್ಮಿ ಊದ್ರಿ ಕಾಕೂ" ಎಂದಳು. ಮೂರನೆಯ ಸಲಕ್ಕೆ ವಿಮಲಾಳಿಗೇ ಕೆಮ್ಮು ಬಂತು.

ಆಮೇಲೆ ಅವಳಂತೆಯೇ ನಾನೂ ಊದಿದೆ. ನನ್ನ ಅಂಕಿ ಕಡಿಮೆ, ಅವಳದು ಅದಕ್ಕಿಂತ ತುಸುವೇ ಮೇಲಿತ್ತು. ವಿಮಲಾ ಒಮ್ಮೆಯೂ ಗಂಜಿಗೆ ಕಾಲಿಟ್ಟವಳಲ್ಲ.

ಬೀದರಿನಲ್ಲಿ ನಾನು ಪ್ರಯತ್ನ ಮಾಡಿರಲಿಲ್ಲ ಎಂದಲ್ಲ. ನನ್ನ ಕಸುಬಿನ ಉಸಿರನ್ನೇ ಅಲ್ಲೂ ಊದಿದ್ದೆ. ಯಂತ್ರ ತನಗೆ ಸಿಕ್ಕಿದ್ದನ್ನು ಬರೆಯಿತು, ಡಾಕ್ಟರರು ಯಂತ್ರ ಬರೆದದ್ದನ್ನು ಓದಿದರು. ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಕಾಗದದ ಮೇಲೆ ಸುಳ್ಳು ಬಂತು. ಅಂದಿನಿಂದ ನನಗೆ ಅಂಕಿಗಳ ಮೇಲೂ ನೆನಪಿನ ಮೇಲಿದ್ದಷ್ಟೇ ನಂಬಿಕೆ.

ಭಾಲ್ಕಿಯ ಡಾಕ್ಟರರು ಕಡಿಮೆ ಮಾತಿನವರು. ಇದು ದಮ್ಮು ಎಂದರು. ಪಂಪು ಕೊಟ್ಟರು. ಪಂಪಿನಿಂದ ಆರಾಮ ಸಿಗುತ್ತದೆ, ಕಾರಣ ಹೋಗುವುದಿಲ್ಲ ಎಂದರು. ಕಾರಣ ಏನು ಎಂದೆ.

"ನಿಮ್ಮ ಕೆಲಸದಾಗ ಧೂಳ ಅದ. ಮನಿ ಎಲ್ಲಿ?"

ಮನೆ ಬೀದರ ಊರಾಚೆ, ಕಾರ್ಖಾನೆಗಳ ಕಡೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಅಲ್ಲಿ ವಾಸನಿ ಬರ್ತದೇನು?"

ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ, ಒಮ್ಮೊಮ್ಮೆ ಬೆಳಗಿನ ಜಾವ. ಕೊಳೆತ ಬೆಳ್ಳುಳ್ಳಿಗೆ ಉಗುರುಬಣ್ಣ ಬೆರೆಸಿದ ಹಾಗೆ. ಎಲ್ಲ ದಿನ ಅಲ್ಲ. ಯಾವ ದಿನ ಎಂದು ಹೇಳಲಾಗುವುದಿಲ್ಲ, ಯಾವ ಚಿಮಣಿಯಿಂದ ಎಂದೂ ಹೇಳಲಾರೆ.

"ಹಂಗಾದ್ರ ಎರಡು ಸಂಶಯ. ಗಂಜಿನ ಧೂಳು, ಇಲ್ಲಾ ಮನಿ ಗಾಳಿ. ಯಾವುದು ಅಂತ ಗೊತ್ತಾದ್ರ ಅದನ್ನ ಬಿಡಬೇಕು. ಗಾಳಿಯೊಳಗ ಏನದ, ಯಾವತ್ತ ಎಷ್ಟದ ಅಂತ ಸಿಕ್ಕರ ತಂದು ತೋರಸ್ರಿ. ನಾ ಹೊಂದಿಸಿ ನೋಡ್ತೀನಿ."

"ನನ್ನ ಹೆಂಡ್ತಿ ಗಂಜಿಗೆ ಬರಂಗಿಲ್ಲಲ್ರಿ ಸಾಹೇಬ್ರ. ಅವಳ ಅಂಕಿನೂ ಕಡಿಮಿ ಬಂತು."

"ಅವರು ಸಣ್ಣಂದಿನಿಂದ ಒಲಿ ಹೊಗಿ ಕುಡದಾರ. ಅದೂ ಇರಬಹುದು. ಒಬ್ಬರಿಂದ ಹೇಳಲಿಕ್ಕಾಗಲ್ಲ."

ಗಂಜು ಬಿಡಬೇಕೋ ಮನೆ ಬಿಡಬೇಕೋ. ಬಸ್ಸಿನಲ್ಲಿ ಬೀದರಿಗೆ ಮರಳುವಾಗ ವಿಮಲಾ ಕಿಟಕಿಯ ಹತ್ತಿರ ಕುಳಿತು ಇದೊಂದೇ ಮಾತಾಡಿದಳು: "ಗಂಜು ಬಿಟ್ರ ನೀವು ಮನಿಯಾಗ ಕೂಡ್ತೀರಿ. ಮನಿ ಗಾಳೀನೇ ಖರಾಬ್ ಇದ್ರ?" ಸ್ವಲ್ಪ ಹೊತ್ತಿನ ನಂತರ, "ಮನಿ ಬಿಟ್ರ ಹೋಗೋದರೆ ಎಲ್ಲಿಗಿ?" ಎಂದಳು. ಎರಡು ಮಾತು ಆಯಿತಲ್ಲ. ಇರಲಿ.

ಗಾಳಿಯ ಅಂಕಿ ಹುಡುಕಲು ಹೊರಟೆ.

ಮಗ ಮೊಬೈಲಿನಲ್ಲಿ ತೆಗೆದು ತೋರಿಸಿದ. ಬೀದರ ಎಂದು ಒಂದು ಹಸಿರು ಚುಕ್ಕೆ, ಕೆಳಗೆ ‘ಸಮಾಧಾನಕರ’ ಎಂದಿತ್ತು. ಅದನ್ನು ಓದುವಾಗ ಓಣಿಯಲ್ಲಿ ವಾಸನೆ ತುಂಬಿತ್ತು, ಸೊಸೆ ಕಿಟಕಿಗಳನ್ನು ಹಾಕುತ್ತಿದ್ದಳು. ಅಳೆಯುವ ಯಂತ್ರ ಎಲ್ಲಿದೆ ಎಂದು ವಿಚಾರಿಸಿದರೆ ಊರೊಳಗೆ, ಒಂದು ಕಚೇರಿಯ ಮಾಳಿಗೆಯ ಮೇಲಂತೆ. ಅಲ್ಲಿಯ ಗಾಳಿಗೆ ಸಮಾಧಾನ ಇರಬಹುದು. ಅಲ್ಲಿ ನಾವಿಲ್ಲ.

ಗಾಳಿಯ ಮಾಲಿನ್ಯ ನೋಡುವ ಕಚೇರಿಗೆ ಹೋದೆ. ಮೇಜಿನ ಹಿಂದಿನವರು ಮರ್ಯಾದೆಯಿಂದಲೇ ಮಾತಾಡಿದರು.

"ಡೇಟಾ ಎಲ್ಲಾ ಆನ್‌ಲೈನ್ ಅದ ರೀ. ಸಾರ್ವಜನಿಕರು ಯಾರು ಬೇಕಾದ್ರೂ ನೋಡಬಹುದು."

"ಒಮ್ಮಿ ತೆಗದು ತೋರಸ್ರಿ ಸರ್."

ಅವರು ತೆಗೆದರು. ಪರದೆಯ ಮೇಲೆ ಗಾಲಿಯೊಂದು ತಿರುಗಿತು, ತಿರುಗುತ್ತಲೇ ಇತ್ತು. ಇಬ್ಬರೂ ಅದನ್ನೇ ನೋಡಿದೆವು. "ಸರ್ವರ್ ಬಿಝಿ ಅದ" ಎಂದರು. ಇನ್ನೊಮ್ಮೆ ಹೋದಾಗ ಪುಟ ತೆರೆಯಿತು. ನಮ್ಮ ಬಡಾವಣೆಯ ಹತ್ತಿರದ ಸಾಲಿನಲ್ಲಿ ಅಂಕಿಗಳ ಜಾಗದಲ್ಲಿ ಬರಿಯ ಗೆರೆಗಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಆ ಮಾಹಿತಿ ವೆಬ್‌ಸೈಟಿನಲ್ಲಿ ಲಭ್ಯವಿದೆ ಎಂದು ಉತ್ತರ ಬಂತು.

ಕಾರ್ಖಾನೆಗಳು ತಮ್ಮ ಹೊಗೆಯ ಅಂಕಿಯನ್ನು ಗೇಟಿನ ಹತ್ತಿರ ಜನರಿಗೆ ಕಾಣುವಂತೆ ಹಾಕಬೇಕು ಎಂದು ಆ ಕಚೇರಿಯವರೇ ಹೇಳಿದ್ದರು. ಒಂದು ಮಧ್ಯಾಹ್ನ ಬೈಕು ತೆಗೆದುಕೊಂಡು ಹೋದೆ. ಒಂದು ಗೇಟಿನ ಬಳಿ ದೊಡ್ಡ ವಿದ್ಯುತ್ ಫಲಕ ಇತ್ತು, ಅಂಕಿಗಳೂ ಓಡುತ್ತಿದ್ದವು. ಆದರೆ ಅದರ ಮುಖ ಒಳಗಡೆ ಇತ್ತು. ನನಗೆ ಕಂಡದ್ದು ಅದರ ಬೆನ್ನು, ತಂತಿಗಳು, ಒಂದು ಗುಬ್ಬಿಗೂಡು.

"ಇದು ಒಳಗ ಯಾಕ ಮುಖ ಮಾಡ್ಯಾದರಿ?" ಎಂದು ಕಾವಲುಗಾರನನ್ನು ಕೇಳಿದೆ.

"ರಸ್ತೆ ಕಡಿ ಬಿಸಲ ಬಡೀತದ್ರಿ. ಕಾಣಂಗಿಲ್ಲ."

"ಈಗರೆ ಕಾಣ್ತದೇನು?"

"ಒಳಗ ಬಂದ್ರ ಕಾಣ್ತದ."

"ಒಳಗ ಬಿಡ್ತೀರೇನು?"

"ಇಲ್ರಿ."

ಅವನ ತಪ್ಪಿರಲಿಲ್ಲ. ಕುಡಿಯಲು ನೀರು ಕೊಟ್ಟ. ನಾನು ಕೆಮ್ಮುತ್ತ ಕುಡಿದೆ, ಅವನೂ ಕೆಮ್ಮಿದ. ನನ್ನನ್ನು ನೋಡಿ ಕೆಮ್ಮಿದನೋ ಏನೋ, ಇದನ್ನೂ ನಾನು ಖಚಿತವಾಗಿ ಹೇಳಲಾರೆ.

ಓಣಿಯ ಆರೋಗ್ಯದ ಲೆಕ್ಕ ಸಿಗಬಹುದೆಂದು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದೆ. "ಯಾರ್ಯಾರಿಗೆ ಕೆಮ್ಮದ, ದಮ್ಮದ, ಎಲ್ಲಾ ಮೊಬೈಲಿನಾಗ ತುಂಬ್ತೇವ್ರಿ ಅಣ್ಣಾ. ಅದು ಮ್ಯಾಲ ಹೋಗ್ತದ" ಎಂದಳು. ಮೇಲೆ ಅಂದರೆ ಎಲ್ಲಿ ಎಂದೆ. ಅವಳು ನಮ್ಮ ಪಡಸಾಲೆಯ ಫ್ಯಾನು ನೋಡಿದಳು. "ತಿರುಗಿ ಕೆಳಗ ಬಂದಿದ್ದು ನಾ ನೋಡಿಲ್ರಿ."

ಬರಿಗೈಯಲ್ಲಿ ಭಾಲ್ಕಿಗೆ ಹೋದೆ. ಡಾಕ್ಟರರಿಗೆ ಆಶ್ಚರ್ಯವಾಗಲಿಲ್ಲ. ಮೇಜಿನ ಖಾನೆಯಿಂದ ಪ್ಲಾಸ್ಟಿಕ್ಕಿನ ಒಂದು ಪೀಪಿ ತೆಗೆದರು. ಊದಿದರೆ ಮುಳ್ಳು ಮೇಲಕ್ಕೆ ಸರಿಯುತ್ತದೆ. ಉಸಿರಿನ ದಾರಿ ತೆರೆದಷ್ಟೂ ಮುಳ್ಳು ಮೇಲೆ. "ಮುಂಜಾನಿ, ಸಂಜಿ ಊದ್ರಿ. ಬರದು ಇಡ್ರಿ. ಮನಿಯಾಗೂ ಊದ್ರಿ, ಗಂಜಿನಾಗೂ ಊದ್ರಿ, ಬ್ಯಾರೆ ಊರಿಗಿ ಹೋದ್ರ ಅಲ್ಲೂ ಊದ್ರಿ. ಗಾಳಿ ಅಳಿಯೋ ಮಿಷನ್ ನಿಮ್ಮ ಓಣಿಯಾಗ ಇಲ್ಲ. ನೀವೇ ಆಗ್ರಿ" ಎಂದರು.

ಅಂದಿನಿಂದ ನಾನು ಒಂದು ಕಡೆ ನಿಂತವನಲ್ಲ. ಮೆಹಕರದಲ್ಲಿ ವಿಮಲಾಳ ತವರು, ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ. ತೊಗರಿ ರಾಶಿಯ ಹೊತ್ತಿಗೆ ಬೇಕೆಂದೇ ಹೋದೆ. ಕಣದಲ್ಲಿ ಯಂತ್ರದ ಹೊಟ್ಟು ಮೋಡದಂತೆ ಏಳುತ್ತಿತ್ತು. ಅದರೊಳಗೇ ನಿಂತು ಊದಿದೆ. ಮುಳ್ಳು ಇಳಿಯಲಿಲ್ಲ. ಅತ್ತೆ ಬೆರಗಾಗಿ ಅಳಿಯನನ್ನು ನೋಡಿದರು.

"ಜಾವಯಿಬಾಪು, ಪೀಪಿ ಊದ್ಲಿಕ್ಕ ಭಾಲ್ಕಿ ದಾಟಿ ಬಂದ್ರೇನು? ನಮ್ಮ ಮೊಮ್ಮಕ್ಕಳೂ ಊದ್ತಾವ."

"ಅವ್ವಾ, ಅವರು ತಮ್ಮ ಎದಿ ನೋಡ್ಕೊಳ್ಲಕತ್ತಾರ" ಎಂದಳು ವಿಮಲಾ.

"ಎದಿ ನಿನ್ದೂ ನೋಡ್ಕೋ. ಪ್ರತಿ ವರ್ಷ ಶಾವಿಗಿ ಹೊಸಿಲಿಕ್ಕ ಇಲ್ಲಿಗೇ ಬರ್ತಿ. ಬೀದರದಾಗ ಬಿಸಲಿಲ್ಲೇನು?"

ವಿಮಲಾ ಪೀಪಿ ಒರೆಸಿ ಚೀಲಕ್ಕೆ ಹಾಕಿದಳು. ಆಮೇಲೆ ನನಗೆ ಹೇಳಿದಳು: ಬಿಸಿಲಿದೆ, ಆದರೆ ನಮ್ಮ ಮಾಳಿಗೆಯ ಮೇಲೆ ಒಣಗಿಸಿದ ಶಾವಿಗೆ ಕುದಿಸಿದಾಗ ಆ ವಾಸನೆ ಬಿಡುತ್ತದೆ. ಹಪ್ಪಳವೂ ಅಷ್ಟೆ. ಓಣಿಯ ಹೆಂಗಸರೆಲ್ಲ ಬೇಸಿಗೆಯಲ್ಲಿ ಹಿಟ್ಟು ಕಟ್ಟಿಕೊಂಡು ತವರಿಗೆ ಹೋಗುವುದು ಅದಕ್ಕೇ. ಅದು ತವರಿನ ಆಸೆ ಎಂದು ನಾವು ಗಂಡಸರು ಚೇಷ್ಟೆ ಮಾಡುತ್ತಿದ್ದೆವು. ಯಾಕೆ ಹೇಳಲಿಲ್ಲ ಎಂದೆ. "ಹೇಳಿದ್ನಲ್ಲ" ಎಂದಳು. ಹೇಳಿದ್ದಳೇ? ನೆನಪಿನ ದಲಾಲಿಯನ್ನು ಕೇಳಿದೆ. ಅವನು ಬೇರೆ ಕಡೆ ನೋಡಿದ.

ಆಮೇಲೆ ಹೆಸರುಕಾಳು ಖರೀದಿಗೆ ಅಂಗಡಿಯ ಸಾವಕಾರರು ಔರಾದಿಗೆ ಕಳಿಸಿದರು. ಅಲ್ಲೂ ದಿನವಿಡೀ ಮಾಲು ಊದಿದೆ, ಸಂಜೆ ಪೀಪಿ ಊದಿದೆ. ಗಂಜಿನಲ್ಲಿ ಚೀಲಗಳ ನಡುವೆ ಊದಿದೆ. ಹಮಾಲರು ಸುತ್ತ ನಿಂತು, "ಅಣ್ಣಾ, ಇದಕ್ಕ ಬ್ಯಾಂಡ್ ಬಾಜಾ ಜೋಡಸ್ರಿ" ಎಂದರು. ಎಲ್ಲ ಕಡೆ ಮುಳ್ಳು ಒಂದು ಮಟ್ಟದಲ್ಲಿತ್ತು. ಮನೆಯಲ್ಲಿ, ವಾಸನೆ ಬಂದ ಮರುದಿನ ಮುಂಜಾನೆ, ಬಾವಿಗೆ ಬಿಟ್ಟ ಕೊಡದಂತೆ ಇಳಿಯುತ್ತಿತ್ತು. ಗಂಜು ನಿರಪರಾಧಿ ಎಂದು ಸಂತೋಷಪಡಬೇಕಿತ್ತು. ಆದರೆ ಗಂಜು ಅಲ್ಲ ಎಂದರೆ ಮನೆ.

ಡಾಕ್ಟರರು ನೋಡಿ, ಬಹುತೇಕ ಮನೆಯೇ ಎಂದರು. "ಬಹುತೇಕ ಅಂದ್ರ?" ಎಂದೆ. "ನಡುವ ಔಷಧಾನೂ ಬದಲಾಗ್ಯಾವ. ಒಬ್ಬರ ಎದಿ ಸಾಕ್ಷಿ ಸಾಲಲ್ಲ. ಓಣಿಯವರದೆಲ್ಲಾ ಇದ್ರ ಗಟ್ಟಿ ಹೇಳ್ತಿದ್ದೆ."

ಒಂದು ರವಿವಾರ ಪ್ರೇಮಲತಾ ಸಿಸ್ಟರ್ ಮನೆಯಂಗಳದಲ್ಲಿ ಓಣಿಯವರು ಸೇರಿದರು. ಚರ್ಚು ಮುಗಿಸಿ ಬಂದ ಅವರ ಬಿಳಿ ಸೀರೆಯ ಇಸ್ತ್ರಿ ಇನ್ನೂ ಮುರಿದಿರಲಿಲ್ಲ. ಎಲ್ಲರೂ ಊದೋಣ, ಬರೆದು ಹೊರಗೆ ಹಚ್ಚೋಣ, ಆಮೇಲೆ ಕಚೇರಿಗೆ ಒಯ್ಯೋಣ ಎಂದೆ. ಎದುರು ಮನೆಯ ಶಿವರಾಜ ಮೊದಲು ಎದ್ದ.

"ಕಾಕಾ, ನನ್ನ ಮಗಳಿಗಿ ನೋಡ್ಲಿಕ್ಕ ಬರ್ಲಕತ್ತಾರ. ಓಣಿ ತುಂಬ ದಮ್ಮಿನ ಮಂದಿ ಅಂತ ಬೋರ್ಡ್ ಹಾಕಿದ್ರ ಯಾರು ಒಯ್ತಾರ್ರಿ?"

"ಹೆಸರು ಹಾಕಲ್ಲ ಶಿವರಾಜ."

"ಹೆಸರು ಯಾಕ ಬೇಕ್ರಿ? ಓಣಿ ಹೆಸರೇ ಸಾಕು. ನಾಳಿ ಮನಿ ಮಾರಬೇಕಂದ್ರ?"

ಯಾರೂ ಅವನಿಗೆ ಎದುರಾಡಲಿಲ್ಲ. ಸಿಟ್ಟು ಬಂತು ನನಗೆ. ಗೇಟಿನ ಫಲಕ ನೆನಪಾಯಿತು. ನಾವೂ ಮುಖ ಒಳಗೆ ಮಾಡಿ ಕುಳಿತಿದ್ದೇವೆ ಎಂದುಕೊಂಡೆ. ಇದನ್ನು ಆ ದಿನವೇ ಅಂದುಕೊಂಡೆನೋ, ಬರೆಯುವಾಗ ಹೊಳೆಯಿತೋ ತಿಳಿಯದು. ಆದರೆ ಶಿವರಾಜನ ಮಗಳು ದಿನವೂ ನಮ್ಮ ಮನೆಗೆ ಬಂದು ಹೋಗುವವಳು. ಅವನ ಭಯ ನನಗೆ ಅರ್ಥವಾಗುವುದಿಲ್ಲ ಎಂದರೆ ಅದು ಸುಳ್ಳು. ಅದು ನನ್ನ ಮನೆಯ ಕಿಟಕಿಯ ಮೇಲೆ ಕುಳಿತಿದ್ದ ಲೋಟದಂಥ ಭಯ.

ಗಂಜಿನಲ್ಲಿ ಪ್ರತಿ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ಇರುತ್ತದೆ. ತೊಗರಿ, ಉದ್ದು, ಕಡಲೆ. ಆ ದಿನದ ಧಾರಣೆ ಸುಣ್ಣದಕಡ್ಡಿಯಲ್ಲಿ ಬರೆದಿರುತ್ತದೆ. ಹಾದುಹೋಗುವ ಯಾರು ಬೇಕಾದರೂ ಓದಬಹುದು, ಜಗಳ ತೆಗೆಯಬಹುದು. ಹಲಗೆ ಒಳಗೆ ತಿರುಗಿಸಿದ ಅಂಗಡಿಗೆ ಮಾಲು ಬರುವುದಿಲ್ಲ. ನಮ್ಮ ಅಂಗಡಿಯ ಹಳೆಯ ಹಲಗೆಯೊಂದು ಗೋದಾಮಿನಲ್ಲಿ ಬಿದ್ದಿತ್ತು. ಸಾವಕಾರರನ್ನು ಕೇಳಿದೆ. "ಒಯ್ಯೋ ಮಾರಾಯ, ಆದ್ರ ನಮ್ಮ ಅಂಗಡಿ ಹೆಸರು ಕೆರದು ಹಾಕು" ಎಂದರು. ಕೆರೆದೆ. ಮನೆಯ ಕಂಪೌಂಡಿಗೆ, ರಸ್ತೆಗೆ ಮುಖ ಮಾಡಿ ಮೊಳೆ ಹೊಡೆದೆ. ಬೇರೆ ಯಾರ ಹಂಗೂ ಬೇಡ, ನನ್ನದು ನಾನು ಬರೆಯುತ್ತೇನೆ. ನನ್ನ ಹೆಸರು, ಮುಂಜಾನೆಯ ಅಂಕಿ, ವಾಸನೆ ಇತ್ತು ಅಥವಾ ಇರಲಿಲ್ಲ. ಇಷ್ಟೇ.

ವಿಮಲಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ಮುಂಜಾನೆ ನನ್ನ ಹೆಸರಿನ ಕೆಳಗೆ ತನ್ನ ಹೆಸರು ಬರೆದು, ಪೀಪಿ ತೊಳೆದು ಊದಿ, ಅಂಕಿ ಹಾಕಿದಳು. "ನಿಮಗಿಂತ ನಂದು ಜಾಸ್ತಿ ಬಂತು" ಎಂದಳು. ಆಮೇಲೆ ಒಳಗೆ ಹೋಗಿ ಅತ್ತಳು ಎಂದು ಸೊಸೆ ಹೇಳುತ್ತಾಳೆ, ವಿಮಲಾ ಇಲ್ಲವೆನ್ನುತ್ತಾಳೆ.

ಹಾಲು ತರಲು ಹೋಗುವವರು ನಿಂತು ಓದುತ್ತಿದ್ದರು. "ವೈಜಿನಾಥಣ್ಣ, ಇವತ್ತ ಧಾರಣಿ ಬಿದ್ದದಲ್ರಿ", "ಕಾಕೂ ತೇಜಿ ಅದಾಳ, ಮ್ಯಾಲ ಏರ್ಯಾಳ", ಹೀಗೆ ಚೇಷ್ಟೆ. ಸೊಸೆಯೂ ತನ್ನ ಅಂಕಿ ಬರೆದಳು. ಪ್ರೇಮಲತಾ ಸಿಸ್ಟರ್ ಪೂರಾ ಹೆಸರು, ಮನೆತನದ ಹೆಸರು ಎರಡೂ ಹಾಕಿ ಬರೆದರು. ಆಮೇಲೆ ಒಂದು ಸಲ ಖರೀದಿ ಮುಗಿಸಿ ಔರಾದಿನಿಂದ ಮರಳಿದಾಗ ಹಲಗೆಯ ಕೆಳಗಿನ ಮೂಲೆಯಲ್ಲಿ ಬೇರೆ ಕೈಬರಹದ ಒಂದು ಅಂಕಿ ಇತ್ತು, ಹೆಸರಿರಲಿಲ್ಲ. ನನ್ನದಕ್ಕಿಂತ ಕಡಿಮೆ. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಶಿವರಾಜ ನನ್ನನ್ನು ನೋಡಿ ಒಳಗೆ ಹೋದ. ಪಕ್ಕದ ಮೆಡಿಕಲ್ ಅಂಗಡಿಯಲ್ಲಿ ಪೀಪಿ ಖಾಲಿಯಾದವು ಎಂದು ಮಗ ಹೇಳಿದ.

ಆ ಹಲಗೆಯ ಫೋಟೋಗಳನ್ನು ಡಾಕ್ಟರರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ವಾಸನೆ ಬಂದ ದಿನಗಳ ಮರುದಿನ ಎಲ್ಲರ ಅಂಕಿಯೂ ಕೂಡಿಯೇ ಇಳಿದಿತ್ತು. ಸಣ್ಣಂದಿನಿಂದ ಗ್ಯಾಸಿನ ಮೇಲೆಯೇ ಅಡುಗೆ ಕಂಡ ಸೊಸೆಯದೂ. "ಮನಿ ಬಿಡ್ರಿ" ಎಂದರು. ಈ ಸಲ ಬಹುತೇಕ ಎನ್ನಲಿಲ್ಲ. ಫೋಟೋಗಳನ್ನು ತಾವೇ ಕಚೇರಿಗೆ ಕಳಿಸುತ್ತೇನೆ ಎಂದರು, ಕಳಿಸಿದರು. ಉತ್ತರ ಇನ್ನೂ ಬಂದಿಲ್ಲ.

ಮನೆ ಬಿಡಬೇಕಾದರೆ ಅದನ್ನು ಮಾರಬೇಕು. ಆಮೇಲಿನ ದಿನಗಳು ಹಲಗೆ ನೋಡಿ ತಿರುಗಿ ಹೋದವರ ದಿನಗಳು. ಒಂದು ಮುಂಜಾನೆ ವಿಮಲಾ ಹಲಗೆಯ ಮುಂದೆ ನಿಂತು, "ಇದನ್ನ ತೆಗದ್ರ ಮನಿ ಹೋಗ್ತದ. ನೀವು ಉಸಿರಾಡ್ತೀರಿ" ಎಂದಳು. ನಾನು ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ಆದರೆ ಮರುವಾರ ಔರಾದ ಕಡೆಯಿಂದ ಒಬ್ಬ ಮಾಸ್ತರರು ಮನೆ ನೋಡಲು ಬರುತ್ತಾರೆಂದು ಮನೆ ಮಾರಿಸುವ ದಲಾಲಿ ಹೇಳಿದಾಗ, ಹಲಗೆಯ ಮೇಲೆ ಒಂದು ಹಳೆಯ ಚಾದರ ಬಿದ್ದಿತ್ತು. ನಾನು ಹಾಕಿದೆನೋ ಅವಳು ಹಾಕಿದಳೋ. ಇದು ನಿಜವಾಗಿಯೂ ನನಗೆ ನೆನಪಿಲ್ಲ, ನೆನಪಿದೆ ಎಂದು ವಿಮಲಾ ಕೂಡ ಹೇಳುವುದಿಲ್ಲ.

ಮಾಸ್ತರರಿಗೆ ಬೀದರಿಗೆ ವರ್ಗವಾಗಿತ್ತು. ಜೊತೆಗೆ ಹೆಂಡತಿ, ಅವಳ ಸೊಂಟದ ಮೇಲೆ ಒಂದು ಕೂಸು. ಮನೆ ಅವರಿಗೆ ಹಿಡಿಸಿತು. ನೀರು, ಬೆಳಕು, ಮಾಳಿಗೆ. ಅವಳು ಮಾಳಿಗೆಯ ಮೇಲೆ ನಿಂತು, "ಇಲ್ಲಿ ಹಪ್ಪಳ ಛಲೋ ಒಣಗ್ತಾವಲ್ರಿ ಅಮ್ಮಾ" ಎಂದಳು.

ವಿಮಲಾ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯಲು ಹೋದೆ, ಉಸಿರು ಸಿಕ್ಕಲಿಲ್ಲ. ಅವಳೇ ಹೇಳಿದಳು.

"ಒಣಗ್ತಾವವ್ವ. ತಿನ್ಲಿಕ್ಕ ಬರಲ್ಲ. ನಾ ನಮ್ಮ ತವರಿಗಿ ಒಯ್ತೇನಿ."

"ಯಾಕ್ರಿ?"

"ಕೆಳಗ ಬಾ, ತೋರಸ್ತೇನಿ."

ಚಾದರ ಅವಳೇ ಎಳೆದಳು. ಮಾಸ್ತರರು ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದರು, ಇನ್ನೊಮ್ಮೆ ಓದಿದರು. ದಲಾಲಿ ರಸ್ತೆಯ ಕಡೆ ತಿರುಗಿ ನಿಂತ. ಕೂಸಿನ ತಾಯಿ ಮಾತ್ರ ಪೀಪಿಯ ಕಡೆ ಕೈ ಚಾಚಿ, "ನಾ ಒಮ್ಮಿ ಊದಲೇನ್ರಿ?" ಎಂದಳು. ವಿಮಲಾ ಪೀಪಿ ತೊಳೆದು, ಒರೆಸಿ ಕೊಟ್ಟಳು. ಒಲೆ ಊದಿದಂತೆ ಊದಬೇಕು ಎಂದು ಹೇಳಿಕೊಟ್ಟಳು. ಕೂಸನ್ನು ಗಂಡನ ಕೈಗೆ ಕೊಟ್ಟು ಅವಳು ಊದಿದಳು. ಮುಳ್ಳು ಹಾರಿದ ಹಾಗೆ ಮೇಲೆ ಹೋಗಿ, ನಮ್ಮ ಓಣಿಯಲ್ಲಿ ಯಾರೂ ಮುಟ್ಟದ ಜಾಗದಲ್ಲಿ ನಿಂತಿತು. ಕೂಸು ನಕ್ಕಿತು.

ನಾನು ಅದನ್ನು ಹಲಗೆಯ ಮೇಲೆ ಬರೆದೆ. ಅವಳ ಹೆಸರು ಕೇಳಲಿಲ್ಲ.

ಅವರು ಚಹಾ ಕುಡಿದು, ಔರಾದಿಗೆ ಬಂದರೆ ಮನೆಗೆ ಬನ್ನಿ ಎಂದು ಹೇಳಿ ಹೋದರು. ಮನೆ ಇನ್ನೂ ಮಾರಿಲ್ಲ. ವಾಸನೆ ಬಂದ ದಿನಗಳಲ್ಲಿ ನಾನು ಗಂಜಿನ ಗೋದಾಮಿನ ಮೇಲಿನ ಕೋಣೆಯಲ್ಲಿ ಮಲಗುತ್ತೇನೆ, ಬೇಳೆಯ ಧೂಳಿನಲ್ಲಿ ಚೆನ್ನಾಗಿ ಉಸಿರಾಡುತ್ತೇನೆ. ವಿಮಲಾಳನ್ನು ಕರೆದರೆ, ಮನೆ ನೋಡಿಕೊಳ್ಳುವವರು ಯಾರು ಎನ್ನುತ್ತಾಳೆ. ಸೊಸೆ ಬಸುರಿ. ಅವಳನ್ನು ಹೋದ ವಾರ ಮೆಹಕರಕ್ಕೆ ಬಿಟ್ಟು ಬಂದೆವು.

ಮುಂಜಾನೆ ಬಂದು ಹಲಗೆ ಒರೆಸುತ್ತೇನೆ. ನಿನ್ನೆಯ ನನ್ನ ಅಂಕಿ, ವಿಮಲಾಳ ಅಂಕಿ, ಸಿಸ್ಟರರದು, ಮೂಲೆಯಲ್ಲಿಯ ಹೆಸರಿಲ್ಲದ್ದು, ಎಲ್ಲ ಒರೆಸಿ ಹೊಸದು ಬರೆಯುತ್ತೇವೆ. ಎಲ್ಲಕ್ಕೂ ಮೇಲೆ ಬರೆದ, ಕೂಸಿನ ತಾಯಿಯ ಅದೊಂದು ಅಂಕಿಯನ್ನು ಮಾತ್ರ ಒರೆಸಿಲ್ಲ. ಬಟ್ಟೆ ಅದರ ಸುತ್ತ ಹೋಗಿ ಬರುತ್ತದೆ. ಹಾದುಹೋಗುವವರು ನಿಂತು, ಇಷ್ಟು ಯಾರದ್ದು ಎಂದು ಕೇಳುತ್ತಾರೆ.

"ಇಲ್ಲಿ ಇರಲಾರದವರದು" ಎಂದು ಹೇಳುತ್ತೇನೆ.